ಏರು ಕಷ್ಟವೋ, ಗಾಳಿ ಕಷ್ಟವೋ?

ಗುಡ್ಡಗಾಡಿನ ದಾರಿಗಳಲ್ಲಿ ಇಡೀ ದಿನ ಸೈಕಲ್ ತುಳಿಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಏರು ಜಾಸ್ತಿ ಕಷ್ಟವೋ, ಗಾಳಿ ಜಾಸ್ತಿ ಕಷ್ಟವೋ? ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಏರೇ ಇರಬೇಕು, ಅಲ್ವಾ?

ಅಲ್ಲ. ಗಾಳಿ.

ಏರು ಸುಲಭ ಅಂತ ನಾನು ಹೇಳುತ್ತಿಲ್ಲ. ಕಡಿದಾದ ತಿರುವಿನಲ್ಲಿ ಯಾರಿಗಾದರೂ ಏದುಸಿರು ಬರುತ್ತದೆ. ಆದರೆ ಏರು ತನಗೆಷ್ಟು ಬೇಕು ಅಂತ ಮೊದಲೇ ಹೇಳಿಬಿಡುತ್ತದೆ. ಕಣ್ಣಿಗೆ ಕಾಣುತ್ತದೆ, ನಕ್ಷೆಯಲ್ಲಿ ಇರುತ್ತದೆ, ಎಷ್ಟು ಉದ್ದ, ಎಲ್ಲಿ ಕಡಿದು, ಎಲ್ಲಿ ಸ್ವಲ್ಪ ಉಸಿರಾಡಬಹುದು ಅಂತ ಹಿಂದಿನ ರಾತ್ರಿಯೇ ನೋಡಿಕೊಂಡು ಹೊರಡಬಹುದು. ನೆತ್ತಿ ಮುಟ್ಟಿದರೆ ಮುಗಿಯಿತು. ಗಾಳಿಗೆ ನೆತ್ತಿ ಅಂತ ಇಲ್ಲ. ರಸ್ತೆ ಸಪಾಟಾಗಿ ಕಾಣುತ್ತಿರುತ್ತದೆ, ಕಾಲು ಮಾತ್ರ ಏರು ಹತ್ತುತ್ತಿರುತ್ತದೆ, ಸೈಕಲ್‌ಗೇ ಏನೋ ಆಗಿದೆ ಅನ್ನಿಸಿ ಬ್ರೇಕ್ ಉಜ್ಜುತ್ತಿದೆಯಾ ಅಂತ ಬಗ್ಗಿ ನೋಡುತ್ತೇವೆ. ಏನೂ ಆಗಿರುವುದಿಲ್ಲ.

ಇದು ಸುಮ್ನೆ ಅನ್ನಿಸಿಕೆಯ ಮಾತಲ್ಲ, ಲೆಕ್ಕ ಹಾಕಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಅಂದುಕೊಳ್ಳಿ. 100 ಮೀಟರ್ ಮುಂದೆ ಹೋದರೆ 5 ಮೀಟರ್ ಮೇಲೇರುವ ದಾರಿಯನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 160 ವ್ಯಾಟ್ ಶಕ್ತಿ ಬೇಕು. ಈಗ ರಸ್ತೆ ಸಪಾಟು, ಆದರೆ 20 ಕಿ.ಮೀ. ವೇಗದ ಗಾಳಿ ನೇರ ಮುಖಕ್ಕೆ ಬರುತ್ತಿದೆ. ಅಲ್ಲಿ 20ರ ವೇಗ ಉಳಿಸಿಕೊಳ್ಳಲು ಬೇಕಾಗುವುದೂ ಹತ್ತಿರ ಹತ್ತಿರ ಅಷ್ಟೇ. ಗಾಳಿ ಇಲ್ಲದ ದಿನ ಅದೇ ರಸ್ತೆಯಲ್ಲಿ, ಅದೇ ಶ್ರಮಕ್ಕೆ, ಸೈಕಲ್ 30 ದಾಟುತ್ತದೆ.

ಯಾಕೆ ಹೀಗೆ ಅಂದರೆ, ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನೀವು 20ರಲ್ಲಿ ಹೋಗುತ್ತಿದ್ದೀರಿ, ಎದುರಿಗೆ 20ರ ಗಾಳಿ ಬಂತು, ಮೈಗೆ ಬಡಿಯುವುದು 40. ಈಗ ಹಟ ಹಿಡಿದು 20ರ ಬದಲು 25ರಲ್ಲೇ ಹೋಗುತ್ತೇನೆ ಅಂದರೆ ಬೇಕಾಗುವ ಶಕ್ತಿ ಒಂದೇ ಏಟಿಗೆ 250 ವ್ಯಾಟ್ ದಾಟುತ್ತದೆ. ಬರೀ 5 ಕಿ.ಮೀ. ಆಸೆಗೆ ಅರ್ಧಕ್ಕರ್ಧ ಜಾಸ್ತಿ ಶ್ರಮ! ನನ್ನ ಉತ್ತರದ ತಿರುಳು ಇಲ್ಲಿದೆ. ಏರು ಬಂದಾಗ ಎಲ್ಲರೂ ತಾವಾಗಿಯೇ ನಿಧಾನ ಮಾಡುತ್ತಾರೆ, ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ. ಗಾಳಿ ಬಂದಾಗ ಯಾರೂ ನಿಧಾನ ಮಾಡುವುದಿಲ್ಲ. ಸಪಾಟು ರಸ್ತೆಯಲ್ಲಿ 18 ಅಂದರೆ ಏನು ಅಂತ ಮೀಟರ್ ನೋಡಿ ತುಳಿಯುತ್ತಾರೆ, ಒಂದು ಗಂಟೆಯಲ್ಲಿ ಕಾಲು ಖಾಲಿ, ಆಮೇಲೆ ನಿಜವಾದ ಏರು ಬಂದಾಗ ಹತ್ತಲು ಏನೂ ಉಳಿದಿರುವುದಿಲ್ಲ.

ಹೋಗುವಾಗ ಎದುರುಗಾಳಿ ಇದ್ದರೆ ಏನಂತೆ, ಬರುವಾಗ ಅದೇ ಗಾಳಿ ತಳ್ಳುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ತಳ್ಳುತ್ತದೆ ನಿಜ, ಆದರೆ ಕಿತ್ತುಕೊಂಡ ಸಮಯ ಪೂರ್ತಿ ವಾಪಸ್ ಬರುವುದಿಲ್ಲ. ಮೇಲಿನ ಲೆಕ್ಕದಲ್ಲೇ 30 ಕಿ.ಮೀ. ಹೋಗಿ ಬನ್ನಿ. ಹೋಗುವಾಗ 20ರಂತೆ ಒಂದೂವರೆ ಗಂಟೆ. ಬರುವಾಗ ಅದೇ ಶ್ರಮಕ್ಕೆ ವೇಗ 44ರ ಹತ್ತಿರ, ಸುಮಾರು 41 ನಿಮಿಷ. ಒಟ್ಟು 2 ಗಂಟೆ 11 ನಿಮಿಷ. ಗಾಳಿಯೇ ಇಲ್ಲದಿದ್ದರೆ ಎರಡು ಗಂಟೆಯೊಳಗೆ ಮುಗಿಯುತ್ತಿತ್ತು. ನಷ್ಟದ ಕಡೆ ನಾವು ಕಳೆಯುವ ಹೊತ್ತೇ ಜಾಸ್ತಿ, ಲಾಭದ ಕಡೆ ಕಳೆಯುವುದು ಕಮ್ಮಿ. ಏರು ಇಳಿಜಾರಿಗೂ ಇದೇ ಲೆಕ್ಕ. 10 ಕಿ.ಮೀ. ಏರನ್ನು 10ರ ವೇಗದಲ್ಲಿ ಹತ್ತಿ, ಅದೇ ದಾರಿಯನ್ನು 50ರಲ್ಲಿ ಇಳಿದರೆ ಸರಾಸರಿ 30 ಅಲ್ಲ, 17ಕ್ಕಿಂತ ಕಮ್ಮಿ. ಹಾಗಾಗಿ ಗಾಳಿ ಮತ್ತು ಗುಡ್ಡ ಎರಡೂ ಇರುವ ದಾರಿಯಲ್ಲಿ ಸರಾಸರಿ ವೇಗ ಎಷ್ಟು ಬಂತು ಅಂತ ಯಾರಾದರೂ ಕೇಳಿದರೆ ನನಗೆ ಆ ಸಂಖ್ಯೆಯಲ್ಲಿ ಹುರುಳು ಕಾಣುವುದಿಲ್ಲ. ಆ ದಿನ ಗಾಳಿ ಎಲ್ಲಿಂದ ಬೀಸುತ್ತಿತ್ತು ಅಂತ ಕೇಳಿದರೆ ಮಾತಾಡಬಹುದು.

ಇನ್ನೊಂದು ವಿಷಯ ಇದೆ, ಇದನ್ನು ಅನುಭವಿಸದವರಿಗೆ ನಂಬಿಸುವುದು ಕಷ್ಟ. ಗಾಳಿ ಇಳಿಜಾರನ್ನೂ ಕಿತ್ತುಕೊಳ್ಳುತ್ತದೆ. 100 ಮೀಟರಿಗೆ 3 ಮೀಟರ್ ಇಳಿಯುವ ದಾರಿಯಲ್ಲಿ, ಗಾಳಿ ಇಲ್ಲದಿದ್ದರೆ, ಪೆಡಲ್ ಮುಟ್ಟದೆ ಸುಮಾರು 35ರಲ್ಲಿ ಜಾರಿಕೊಂಡು ಹೋಗಬಹುದು. ಎದುರಿಗೆ 30 ಕಿ.ಮೀ. ಗಾಳಿ ಇದ್ದರೆ ಅದೇ ಇಳಿಜಾರಿನಲ್ಲಿ ವೇಗ ನಡೆಯುವವರಿಗಿಂತ ಒಂಚೂರು ಜಾಸ್ತಿ ಅಷ್ಟೇ. ಅರ್ಧ ಗಂಟೆ ಏರು ಹತ್ತಿ, ಇನ್ನು ಕಾಲಿಗೆ ಬಿಡುವು ಅಂತ ನಂಬಿಕೊಂಡು ನೆತ್ತಿಗೆ ಬಂದವರು ಇಳಿಯಲೂ ತುಳಿಯಬೇಕು. ದೇಹಕ್ಕಿಂತ ಮನಸ್ಸಿಗೆ ಇದು ಜಾಸ್ತಿ ಹೊಡೆತ.

ಗೆಲ್ಲುವವರ ಲೋಕದಲ್ಲೂ ಇದೇ ಕಥೆ. ಫ್ರಾನ್ಸ್‌ನ ಮಾಂಟ್ ವಾಂಟೂ ಬೆಟ್ಟ 1910 ಮೀಟರ್ ಎತ್ತರ, ಬೆಡ್ವಾ ಊರಿನಿಂದ ಹತ್ತಿದರೆ 21 ಕಿ.ಮೀ. ಏರು. ಟೂರ್ ಡಿ ಫ್ರಾನ್ಸ್ ಸವಾರರು ಎಷ್ಟೋ ಸಲ ಅದನ್ನು ಹತ್ತಿದ್ದಾರೆ, ಕಡಿದು ಅಂತ ಯಾರೂ ರೇಸನ್ನು ಮೊಟಕು ಮಾಡಲಿಲ್ಲ. ಆದರೆ 2016ರ ಜುಲೈ 14ರಂದು ನೆತ್ತಿಯಲ್ಲಿ ಬೀಸುತ್ತಿದ್ದ ಗಾಳಿಗೆ ಹೆದರಿ ಗುರಿಯನ್ನು ಸುಮಾರು 6 ಕಿ.ಮೀ. ಕೆಳಕ್ಕೆ ಇಳಿಸಿದರು. ಮರಗಳೇ ಇಲ್ಲದ ಬೋಳು ನೆತ್ತಿ ಅದು. 2015ರಲ್ಲಿ ಬೆಲ್ಜಿಯಂನ ಘೆಂಟ್–ವೆವೆಲ್ಗಮ್ ರೇಸಿನಲ್ಲಂತೂ ಪಳಗಿದ ಸವಾರರನ್ನೇ ಗಾಳಿ ರಸ್ತೆ ಪಕ್ಕದ ಚರಂಡಿಗೆ ಎಸೆಯಿತು. ಇನ್ನು ಹೆಚ್ಚುಕಡಿಮೆ ಬೆಟ್ಟವೇ ಇಲ್ಲದ ನೆದರ್ಲೆಂಡ್ಸ್‌ನಲ್ಲಿ ಎದುರುಗಾಳಿಗೇ ಒಂದು ಚಾಂಪಿಯನ್‌ಷಿಪ್ ಇದೆ. 2013ರಲ್ಲಿ ಶುರುವಾದದ್ದು. ಸಮುದ್ರದ ಅಬ್ಬರ ತಡೆಯಲು ಕಟ್ಟಿದ ದೊಡ್ಡ ಒಡ್ಡಿನ ಮೇಲೆ 8.5 ಕಿ.ಮೀ., ಒಂದೇ ಗೇರಿನ ಸಾದಾ ಸೈಕಲ್, ಬಿರುಗಾಳಿ ಬರುತ್ತದೆ ಅಂತ ಗೊತ್ತಾದ ಮೇಲೇ ದಿನ ಗೊತ್ತುಮಾಡುತ್ತಾರೆ. ಎಂಟೂವರೆ ಕಿಲೋಮೀಟರ್ ಸಪಾಟು ದಾರಿಯ ಕೊನೆಯಲ್ಲಿ ಸುಸ್ತಾಗಿ ಬೀಳುವವರನ್ನು ನೋಡಿದರೆ ನನ್ನ ಉತ್ತರಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸರಿ, ಹಾಗಾದರೆ ತುಳಿಯುವುದು ಹೇಗೆ?

ಗಾಳಿಯನ್ನು ಏರು ಅಂತಲೇ ತಿಳಿದುಕೊಳ್ಳಿ. ಏರಿಗೆ ಹಾಕುವ ಗೇರನ್ನೇ ಗಾಳಿಗೂ ಹಾಕಿ, ಏರಿಗೆ ಒಪ್ಪಿಕೊಳ್ಳುವ ವೇಗವನ್ನೇ ಗಾಳಿಗೂ ಒಪ್ಪಿಕೊಳ್ಳಿ. ಉಸಿರು ಒಂದೇ ಹದದಲ್ಲಿರಲಿ, ವೇಗ ತನ್ನಿಷ್ಟದಂತೆ ಏರಲಿ, ಇಳಿಯಲಿ. ಜೊತೆಗಿರುವವರಿಗೆ ಒಂದು ಪೂರ್ತಿ ವಾಕ್ಯ ಹೇಳುವಷ್ಟು ಉಸಿರು ಇದ್ದರೆ ಹದ ಸರಿಯಾಗಿದೆ, ಎರಡು ಪದಕ್ಕೊಮ್ಮೆ ನಿಲ್ಲಬೇಕಾಗಿ ಬಂದರೆ ಜಾಸ್ತಿಯಾಯಿತು. ಎಷ್ಟು ವ್ಯಾಟ್ ತುಳಿಯುತ್ತಿದ್ದೇವೆ ಅಂತ ತೋರಿಸುವ ಪವರ್ ಮೀಟರ್ ಇದ್ದವರಿಗೆ ಇದು ಇನ್ನೂ ಸುಲಭ, ಇಲ್ಲದವರು ಮೀಟರಿನಲ್ಲಿ ವೇಗದ ಪುಟವನ್ನೇ ಮುಚ್ಚಿಟ್ಟು ಬರೀ ದೂರ ನೋಡಿದರೂ ಸಾಕು. ಮುಂದೆ ಪೆಡಲಿನ ಹತ್ತಿರ 34 ಹಲ್ಲು, ಹಿಂದಿನ ಚಕ್ರದಲ್ಲಿ 32 ಅಥವಾ 34 ಹಲ್ಲಿನ ಗೇರ್ ಇದ್ದರೆ ಹೆಚ್ಚಿನ ದಾರಿಗಳಿಗೆ ಆಗುತ್ತದೆ. ಅಷ್ಟು ಸಣ್ಣ ಗೇರ್ ಯಾಕೆ ಅಂತ ಹೇಳುವವರ ಮಾತು ಕೇಳಬೇಡಿ.

ಮೈ ತಗ್ಗಿಸಿ. ಹ್ಯಾಂಡಲಿನ ಕೆಳಗಿನ ಬಾಗಿಗೆ ಕೈ ಇಳಿಸಿ, ಮೊಣಕೈ ಮಡಚಿ, ಗಲ್ಲ ಕೆಳಗೆ. ಪಟಪಟ ಬಡಿಯುವ ಸಡಿಲ ಜಾಕೆಟ್ ತೆಗೆದಿಟ್ಟರೆ ಅದೂ ಲಾಭವೇ. ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋದರೆ ಶ್ರಮ ಕಾಲು ಭಾಗದಷ್ಟಾದರೂ ಉಳಿಯುತ್ತದೆ, ಆದ್ದರಿಂದ ಗಾಳಿಯ ದಿನ ಒಬ್ಬರೇ ಹೋಗುವುದಕ್ಕಿಂತ ಸರದಿ ಹಂಚಿಕೊಳ್ಳುವ ಇಬ್ಬರಾದರೂ ಇರುವುದು ಮೇಲು.

ಅಡ್ಡಗಾಳಿಯದ್ದು ಬೇರೆಯೇ ಲೆಕ್ಕ, ಅದು ಸುಸ್ತಿನ ಪ್ರಶ್ನೆಯಲ್ಲ, ಬೀಳುವ ಪ್ರಶ್ನೆ. ಗುಡ್ಡ ಕಡಿದು ಮಾಡಿದ ದಾರಿ ಇರುತ್ತದಲ್ಲ, ಎರಡೂ ಪಕ್ಕ ಮಣ್ಣಿನ ಗೋಡೆ, ಒಳಗೆ ಎಲೆ ಅಲ್ಲಾಡುವುದಿಲ್ಲ, ಚೈನಿನ ಸದ್ದು ಕೂಡ ಕೇಳುತ್ತದೆ. ಆ ಗೋಡೆ ಮುಗಿಯುವ ಜಾಗದಲ್ಲಿ ಎಚ್ಚರ. ಅಲ್ಲಿ ಹುಲ್ಲು ಒಂದೇ ಪಕ್ಕಕ್ಕೆ ಮಲಗಿರುವುದು ಕಾಣುತ್ತದೆ. ಗೋಡೆಯ ಅಂಚು ದಾಟಿದ ಗಳಿಗೆಯಲ್ಲೇ ಮುಂದಿನ ಚಕ್ರ ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ, ನೀವು ಅದಕ್ಕೆ ಎದುರಾಗಿ ವಾಲಿಕೊಳ್ಳುವಷ್ಟರಲ್ಲಿ ಗಾಳಿ ನಿಂತರೆ ಈಗ ವಾಲಿದ ಕಡೆಗೇ ಹೊರಳುತ್ತೀರಿ. ಹುಲ್ಲು ಕಂಡ ಕೂಡಲೇ ವೇಗ ಇಳಿಸಿ, ಹ್ಯಾಂಡಲ್ ಭದ್ರವಾಗಿ ಹಿಡಿಯಿರಿ, ಆದರೆ ಮೊಣಕೈ ಬಿಗಿಯಬೇಡಿ, ಪಕ್ಕದಲ್ಲಿ ಸರಿದಾಡಲು ಜಾಗ ಇಟ್ಟುಕೊಳ್ಳಿ. ದೊಡ್ಡ ಲಾರಿ ದಾಟಿಹೋದಾಗಲೂ ಹೀಗೇ, ಒಂದು ಕ್ಷಣ ಗಾಳಿ ಮರೆಯಾಗಿ ಮತ್ತೆ ಬಂದು ಹೊಡೆಯುತ್ತದೆ. ಪಕ್ಕದಿಂದ ನೋಡಿದರೆ ಅಗಲ ಪಟ್ಟಿಯಂತೆ ಕಾಣುವ ರಿಮ್ ಇರುವ ಚಕ್ರ ನೋಡಲು ಚೆಂದ, ಗಾಳಿಯ ಗುಡ್ಡಕ್ಕೆ ಬೇಡ, ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ. ಇಳಿಯುವಾಗ ಹ್ಯಾಂಡಲ್ ನಡುಗಲು ಶುರುವಾದರೆ ಎರಡೂ ಮಂಡಿಗಳಿಂದ ಸೈಕಲಿನ ಮೇಲಿನ ಕೊಳವೆಯನ್ನು ಒತ್ತಿ ಹಿಡಿದು ಮೆಲ್ಲಗೆ ಬ್ರೇಕ್ ಹಾಕಿ, ನಡುಕ ನಿಲ್ಲುತ್ತದೆ.

ಹೊರಡುವ ಹೊತ್ತೂ ಮುಖ್ಯ. ಬೆಳಗ್ಗೆ ಸಾಮಾನ್ಯವಾಗಿ ಗಾಳಿ ಕಮ್ಮಿ, ಬಿಸಿಲು ಏರಿದಂತೆ ನೆಲ ಕಾದು ಗಾಳಿಯೂ ಏರುತ್ತದೆ. ಅದಕ್ಕೇ ಮೊದಲ ಅರ್ಧ ಗಾಳಿಗೆ ಎದುರಾಗಿ, ಉಳಿದರ್ಧ ಗಾಳಿ ಬೆನ್ನಿಗಿರುವಂತೆ ದಾರಿ ಆರಿಸುವುದು ವಾಡಿಕೆ. ಕಣಿವೆಗಳಲ್ಲಿ ಇನ್ನೊಂದು ಗುಟ್ಟಿದೆ. ಹಗಲಲ್ಲಿ ಇಳಿಜಾರು ಬಿಸಿಯಾಗಿ ಗಾಳಿ ಕಣಿವೆಯ ಮೇಲ್ಗಡೆಗೆ ಬೀಸುತ್ತದೆ, ರಾತ್ರಿ ತಣ್ಣಗಾದ ಮೇಲೆ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಕಣಿವೆಯ ಉದ್ದಕ್ಕೂ ಇರುವ ಏರನ್ನು ಮಧ್ಯಾಹ್ನದ ಹೊತ್ತಿಗೆ ಹತ್ತಿದರೆ ಗಾಳಿ ಬೆನ್ನಿಗಿರುವ ಸಾಧ್ಯತೆ ಜಾಸ್ತಿ. ಬೆನ್ನಿಗೆ ಗಾಳಿ ಇದ್ದು ನಿಧಾನ ಹತ್ತುವಾಗ ಮೈಗೆ ಗಾಳಿ ತಾಗುವುದೇ ಇಲ್ಲ, ಬೆವರು ಧಾರಾಕಾರ ಇಳಿಯುತ್ತದೆ, ಅದಕ್ಕೆ ತಕ್ಕಷ್ಟು ನೀರು ಇಟ್ಟುಕೊಳ್ಳಬೇಕು.

ಎದುರುಗಾಳಿಯಲ್ಲಿ ಇದಕ್ಕೆ ಉಲ್ಟಾ. ಬೆವರು ಬಂದ ಹಾಗೇ ಆರಿಹೋಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ, ಕೈ ಹ್ಯಾಂಡಲ್ ಬಿಡಲು ಹೆದರುತ್ತದೆ, ಹಾಗಾಗಿ ಜನ ತಿನ್ನುವುದನ್ನೇ ಮರೆಯುತ್ತಾರೆ. ಉದ್ದದ ರೈಡ್‌ನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಗೋಡೆ, ಮರಗಳ ಗುಂಪು, ತಿರುವಿನ ಮರೆ, ಇಂಥ ಗಾಳಿ ತಾಗದ ಜಾಗ ಎಲ್ಲಿ ಸಿಕ್ಕರೂ ಹಸಿವಿಲ್ಲದಿದ್ದರೂ ಒಂದು ತುತ್ತು ತಿನ್ನಿ, ಎರಡು ಗುಟುಕು ಕುಡಿಯಿರಿ.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. ಅಷ್ಟು ಕಷ್ಟ ಇದ್ದರೆ ಗಾಳಿಯ ದಿನ ಹೋಗುವುದಾದರೂ ಯಾಕೆ? ನನಗೆ ಇಷ್ಟ, ಅದಕ್ಕೆ. ತಾಸುಗಟ್ಟಲೆ ಎದುರುಗಾಳಿ ತುಳಿದು ಒಂದು ತಿರುವಿನಲ್ಲಿ ದಾರಿ ಹೊರಳಿದಾಗ ಕಿವಿಯಲ್ಲಿದ್ದ ಭೋರ್ಗರೆತ ಒಮ್ಮೆಗೇ ನಿಂತುಹೋಗುತ್ತದೆ, ಟೈರು ರಸ್ತೆಗೆ ಉಜ್ಜುವ ಸದ್ದು ಕೇಳುತ್ತದೆ, ಕಾಲು ಏನೂ ಮಾಡದೆಯೇ ಗೇರ್ ಮೇಲೆ ಗೇರ್ ಬದಲಾಗುತ್ತದೆ. ಆ ಖುಷಿ ಗಾಳಿ ಇಲ್ಲದ ದಿನ ಸಿಗುವುದಿಲ್ಲ. ಆದರೆ ಬೀಸುವ ಗಾಳಿ 50 ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ ನಾನು ಬಯಲು ನೆತ್ತಿಯ ದಾರಿಗೆ ಹೋಗುವುದಿಲ್ಲ. ಹೋದಮೇಲೆ ಗಾಳಿ ಜೋರಾದರೆ, ಸೈಕಲ್ ರಸ್ತೆಯ ನಡುವಿಗೆ ಸರಿಯತೊಡಗಿದರೆ, ಇಳಿದು ತಳ್ಳಿಕೊಂಡು ನಡೆಯುತ್ತೇನೆ, ಸೈಕಲನ್ನು ಗಾಳಿ ಬಂದು ನನ್ನ ಮೇಲೆ ಕೆಡವದಂತೆ ಗಾಳಿ ಹೋಗುವ ಪಕ್ಕಕ್ಕೆ ಇಟ್ಟುಕೊಂಡು.