‘ಎಐ ಬಂತಲ್ಲ ಡಾಕ್ಟರೇ, ಇನ್ನು ನಿಮಗೇನು ಕೆಲಸ?’

ಇಲ್ಲ, ನನ್ನ ಕೆಲಸ ಹೋಗಿಲ್ಲ. ಸದ್ಯಕ್ಕೆ ಹೋಗುವುದೂ ಇಲ್ಲ. ಈ ಎರಡು ಮಾತನ್ನು ಮದುವೆಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮಗನ ಶಾಲೆಯ ಗೇಟಿನ ಮುಂದೆ ಹೇಳಿದ್ದೇನೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆಂದು ಮಂಚದ ಮೇಲೆ ಮಲಗಿ, ನನ್ನ ಕೈ ತಮ್ಮ ಹೊಟ್ಟೆಯ ಮೇಲಿರುವಾಗಲೇ ಇದನ್ನು ಕೇಳಿದವರಿಗೂ ಹೇಳಿದ್ದೇನೆ. ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ನಾನು ರೇಡಿಯಾಲಜಿಸ್ಟ್, ತುಮಕೂರು ಜಿಲ್ಲೆಯಲ್ಲಿದ್ದೇನೆ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ಓದಿ ವರದಿ ಬರೆಯುತ್ತೇನೆ, ಅಲ್ಟ್ರಾಸೌಂಡ್ ಮಾಡುತ್ತೇನೆ, ಸ್ಕ್ಯಾನ್ ನೋಡುತ್ತಲೇ ಸೂಜಿ ಹಾಕಿ ಯಕೃತ್ತಿನಲ್ಲಿ ತುಂಬಿಕೊಂಡ ಕೀವು ತೆಗೆಯುತ್ತೇನೆ, ಪಿ.ಜಿ. ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಇದೆಲ್ಲವೂ ಕೇಳುವವರ ಬಾಯಲ್ಲಿ ‘ಚಿತ್ರ ನೋಡಿ ಹೇಳುವ ಕೆಲಸ’ ಆಗಿಬಿಡುತ್ತದೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. ಸಂತಾಪ ಸೂಚಿಸಲು ಬಂದವರ ಮುಖ, ಒಳಗೆ ಮಾತ್ರ ಸಣ್ಣದೊಂದು ಖುಷಿ. ಡಾಕ್ಟರರ ಫೀಸು ಇನ್ನು ಇಳಿಯುತ್ತದೆ ಎಂಬ ಆಸೆಯೋ ಏನೋ!

ಈ ಪ್ರಶ್ನೆ ನಮ್ಮ ಊರಿನಲ್ಲಿ ಹುಟ್ಟಿದ್ದೂ ಅಲ್ಲ. 2016ರಲ್ಲಿ ಟೊರಾಂಟೊದ ಒಂದು ಸಭೆಯಲ್ಲಿ ಜೆಫ್ರಿ ಹಿಂಟನ್ ಅವರು, ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರಗಳು ಅವರನ್ನು ಮೀರಿಸುತ್ತವೆ, ಹತ್ತು ವರ್ಷವೂ ಆಗಬಹುದು ಎಂದಿದ್ದರು. ಹಿಂಟನ್ ಸಾಮಾನ್ಯರಲ್ಲ, ಇವತ್ತಿನ ಎಐ ನಿಂತಿರುವ ಅಡಿಪಾಯ ಹಾಕಿದವರಲ್ಲಿ ಒಬ್ಬರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಅವರು ಹೇಳಿದ ಐದು ವರ್ಷ ಕಳೆಯಿತು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ರೇಡಿಯಾಲಜಿಸ್ಟರ ಸಂಖ್ಯೆ 2016ರ ನಂತರ ಅರ್ಧಕ್ಕಿಂತ ಹೆಚ್ಚು ಪಾಲು ಏರಿ 400 ದಾಟಿತು. ತಾನು ಅಂದು ವಿಪರೀತ ವ್ಯಾಪಕವಾಗಿ ಮಾತನಾಡಿಬಿಟ್ಟೆ, ಕಾಲದ ಅಂದಾಜು ತಪ್ಪಿತು, ದಿಕ್ಕು ತಪ್ಪಿಲ್ಲ ಎಂದು ಹಿಂಟನ್ ಅವರೇ 2025ರಲ್ಲಿ ಒಪ್ಪಿಕೊಂಡರು. ದೊಡ್ಡವರ ಆ ಮೊದಲ ಮಾತು ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ತಿದ್ದುಪಡಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನನ್ನ ತಾಳ್ಮೆ ಪೂರ್ತಿ ಹೋದದ್ದು ನಮ್ಮ ಸಂಬಂಧಿಕರೊಬ್ಬರ ಗೃಹಪ್ರವೇಶದಲ್ಲಿ. ಊಟ ಮುಗಿಸಿ ಕೈ ತೊಳೆದು ಬರುತ್ತಿದ್ದಂತೆ ದೊಡ್ಡಪ್ಪ ಮೊಬೈಲ್ ಹಿಡಿದುಕೊಂಡು ಬಂದರು. ಕೆಲವು ತಿಂಗಳಿಂದ ಅವರಿಗೆ ಬಲ ಮಂಡಿಯ ನೋವು. ಯಾವುದೋ ಕ್ಲಿನಿಕ್‌ನಲ್ಲಿ ಎಕ್ಸ್-ರೇ ತೆಗೆಸಿದ್ದರು. ಆ ಫಿಲಂ ಅನ್ನು ಮೊಮ್ಮಗ ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದು ಒಂದು ಚಾಟ್‌ಬಾಟ್‌ಗೆ ಹಾಕಿದ್ದ. ಅದು ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಕೊಟ್ಟಿತ್ತು: ವಯಸ್ಸಿಗೆ ತಕ್ಕ ಸಣ್ಣ ಸವೆತ, ವ್ಯಾಯಾಮ ಮಾಡಿ, ತೂಕ ಇಳಿಸಿ, ನೋವು ಹೆಚ್ಚಾದರೆ ವೈದ್ಯರನ್ನು ಕಾಣಿ.

‘ನೋಡಮ್ಮ, ನೀನು ಓದಿದ್ದನ್ನೆಲ್ಲ ಇದು ಅರ್ಧ ನಿಮಿಷದಲ್ಲಿ ಹೇಳಿತು. ಪುಕ್ಕಟೆ! ಸರಿ ಇದೆಯೋ ಇಲ್ಲವೋ ಹೇಳು’ ಎಂದರು. ಸುತ್ತ ನಿಂತವರು ನಕ್ಕರು.

ಫೋಟೊ ನೋಡಿದೆ. ಯಂತ್ರ ಹೇಳಿದ್ದು ಸರಿಯೇ ಇತ್ತು. ಆ ಮಂಡಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಾಗಿದ್ದರೆ ಈ ಮನುಷ್ಯನಿಗೆ ರಾತ್ರಿ ನಿದ್ದೆ ಬಾರದಷ್ಟು ನೋವು ಎಲ್ಲಿಂದ? ‘ದೊಡ್ಡಪ್ಪ, ಆ ಬಾಗಿಲವರೆಗೆ ನಡೆದು ಬನ್ನಿ’ ಎಂದೆ. ನಡೆದರು. ಮೈಯನ್ನು ಬಲಕ್ಕೆ ವಾಲಿಸಿ, ಹೆಜ್ಜೆ ಎಳೆದು. ‘ಕುಳಿತು ಬಲಗಾಲಿನ ಪಾದವನ್ನು ಎಡ ಮಂಡಿಯ ಮೇಲೆ ಇಡಿ’ ಎಂದೆ. ಆಗಲಿಲ್ಲ. ಸೊಂಟದ ಕೀಲು ತಿರುಗುತ್ತಿರಲಿಲ್ಲ. ಸೊಂಟದ ಕೀಲಿಗೂ ಮಂಡಿಗೂ ಹೋಗುವ ನರಗಳ ಮೂಲ ಒಂದೇ. ಸೊಂಟ ಕೆಟ್ಟರೆ ಮಂಡಿ ಅಳುವುದು ವೈದ್ಯಶಾಸ್ತ್ರದಲ್ಲಿ ಬಹಳ ಹಳೆಯ ಪಾಠ. ಆಮೇಲೆ ಸೊಂಟದ ಎಕ್ಸ್-ರೇ ತೆಗೆಸಿದಾಗ ಕೀಲಿನ ಸಂದು ಮುಚ್ಚಿಯೇ ಹೋಗಿತ್ತು.

ಇಲ್ಲಿ ಯಂತ್ರ ತಪ್ಪು ಮಾಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಮಂಡಿಯ ಚಿತ್ರ ಕೊಟ್ಟರು, ಮಂಡಿಯ ಉತ್ತರ ಕೊಟ್ಟಿತು. ಅವಸರದಲ್ಲಿರುವ ರೇಡಿಯಾಲಜಿಸ್ಟ್ ಕೂಡ ಅದನ್ನೇ ಮಾಡುತ್ತಾರೆ, ಮಾಡಿದವರನ್ನು ನೋಡಿದ್ದೇನೆ. ಹೀಗಾಗಿ ಮನುಷ್ಯ ಮೇಲೋ ಯಂತ್ರ ಮೇಲೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ತೆಗೆಯಬೇಕಾದ ಚಿತ್ರ ಯಾವುದು ಎಂದು ಗೊತ್ತಾಗಬೇಕಾದರೆ ರೋಗಿಯನ್ನು ಯಾರಾದರೂ ಕಣ್ಣೆತ್ತಿ ನೋಡಿರಬೇಕು, ನಾನು ಹೇಳುತ್ತಿರುವುದು ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಇದನ್ನು ದಿನವೂ ಕಾಣುತ್ತೇವೆ. ಪಾವಗಡದ ಕಡೆಯಿಂದ ಬರುವ ಹಿರಿಯರ ಬೆನ್ನುಮೂಳೆಯ ಎಕ್ಸ್-ರೇ ಕೆಲವೊಮ್ಮೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಮೂಳೆ ಬೆಳ್ಳಗಾಗುತ್ತದೆ. ವರದಿ ಬರೆಯುವ ಮೊದಲು ನಾನು ಕೇಳುವ ಪ್ರಶ್ನೆ: ಯಾವ ಊರು, ಯಾವ ಬೋರ್‌ವೆಲ್ ನೀರು ಕುಡಿದು ಬೆಳೆದಿರಿ? ಅಲ್ಲಿನ ಅಂತರ್ಜಲದ ಫ್ಲೋರೈಡ್ ದಶಕಗಳಿಂದ ಜನರ ಮೂಳೆಗೆ ಇಳಿಯುತ್ತಿದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಸುಣ್ಣಗಟ್ಟಿದ್ದರೆ ಫ್ಲೋರೋಸಿಸ್ ಎನ್ನಲು ಧೈರ್ಯ ಬರುತ್ತದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟವನ್ನು ಕೆಡಿಸುವ ಕೀಲು ಕಾಯಿಲೆಗೆ ಆ ಊರಿನ ಹೆಸರೇ ನಿಂತಿದೆ. ಆ ಸೊಂಟದ ಚಿತ್ರಗಳು ಸ್ವೀಡನ್‌ನ, ಬಾಸ್ಟನ್‌ನ ಆಸ್ಪತ್ರೆಗಳ ಸಂಗ್ರಹದಲ್ಲಿ ಎಲ್ಲಿಂದ ಬರಬೇಕು? ಯಂತ್ರ ಕಲಿಯುವುದು ಕೊಟ್ಟ ಚಿತ್ರಗಳಿಂದ. 2018ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಇನ್ನೂ ಮುಂದೆ ಹೋಗಿ ತೋರಿಸಿತು: ನ್ಯುಮೋನಿಯಾ ಗುರುತಿಸಲು ಕಲಿಸಿದ್ದ ಯಂತ್ರ, ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಪತ್ತೆಮಾಡುವುದರಲ್ಲಿ ನಿಪುಣವಾಗಿತ್ತು. ನ್ಯುಮೋನಿಯಾ ರೋಗಿಗಳು ಹೆಚ್ಚಿರುವ ಆಸ್ಪತ್ರೆಯ ಗುರುತು ಸಿಕ್ಕರೆ ಸಾಕು, ರೋಗದ ಕಡೆಗೆ ವಾಲುತ್ತಿತ್ತು. ಬೇರೆ ಆಸ್ಪತ್ರೆಗೆ ಒಯ್ದಾಗ ಅದರ ಜಾಣ್ಮೆ ಕುಸಿಯಿತು.

ಇಷ್ಟು ಓದಿ ನಾನು ಎಐ ವಿರೋಧಿ ಎಂದುಕೊಳ್ಳಬೇಡಿ. ರಾತ್ರಿ ಬಂದ ತಲೆಯ ಸಿ.ಟಿ.ಗಳಲ್ಲಿ ರಕ್ತಸ್ರಾವ ಇರಬಹುದಾದದ್ದನ್ನು ಸಾಲಿನ ಮೇಲಕ್ಕೆ ತರುವ ತಂತ್ರಾಂಶದಿಂದ ಜೀವ ಉಳಿಯುತ್ತದೆ. ಕ್ಷಯದ ವಿಚಾರದಲ್ಲಂತೂ ಇದಕ್ಕೆ ನನ್ನ ಪೂರ್ತಿ ಬೆಂಬಲವಿದೆ. 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್-ರೇ ನೋಡಿ ಕ್ಷಯದ ತಪಾಸಣೆ ಮಾಡಲು ಮನುಷ್ಯನ ಬದಲು ತಂತ್ರಾಂಶ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿತು. ನಮ್ಮಲ್ಲಿ 2024ರ ಡಿಸೆಂಬರ್‌ನಲ್ಲಿ ಆರಂಭವಾದ 100 ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರಗಳು ಎಐ ಜೊತೆಗೆ ಹಳ್ಳಿಗೆ ಹೋದವು. ರೇಡಿಯಾಲಜಿಸ್ಟ್ ಎಂದೂ ಕಾಲಿಡದ ಊರಿನಲ್ಲಿ ‘ಇವರ ಕಫ ಪರೀಕ್ಷೆ ಮಾಡಿಸಿ’ ಎಂದು ಯಂತ್ರ ಹೇಳಿದರೆ ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಯಾರೂ ಮಾಡದೆ ಬಿಟ್ಟಿದ್ದ ಕೆಲಸವೊಂದು ಆಗುತ್ತದೆ. ಸ್ವೀಡನ್‌ನಲ್ಲಿ ಸುಮಾರು 80,000 ಮಹಿಳೆಯರ ಮ್ಯಾಮೊಗ್ರಾಂಗಳ, ಅಂದರೆ ಸ್ತನದ ಎಕ್ಸ್-ರೇಗಳ ಮೇಲೆ ನಡೆದ ಪ್ರಯೋಗದ ಮೊದಲ ಫಲಿತಾಂಶ 2023ರಲ್ಲಿ ಬಂತು: ಎಐ ನೆರವಿನಿಂದ ವೈದ್ಯರು ಓದಬೇಕಾದ ಹೊರೆ ಶೇ 44ರಷ್ಟು ಇಳಿಯಿತು, ಕ್ಯಾನ್ಸರ್ ಪತ್ತೆಯಾಗುವುದು ಕಡಿಮೆಯಾಗಲಿಲ್ಲ. ನನಗೆ ಇದು ಸಂತೋಷದ ಸುದ್ದಿ. ಅಲ್ಲಿ ಪ್ರತಿ ಮ್ಯಾಮೊಗ್ರಾಂ ಅನ್ನು ಇಬ್ಬರು ವೈದ್ಯರು ಓದುವ ಪದ್ಧತಿ ಇದೆ, ಇಲ್ಲಿ ಒಬ್ಬರು ಸಿಕ್ಕರೆ ಪುಣ್ಯ ಎಂಬುದನ್ನೂ ನೆನಪಿಡಬೇಕು.

ನಿಜ ಹೇಳಬೇಕೆಂದರೆ, ನನ್ನ ಕೆಲಸದ ಬಗ್ಗೆ ನನಗೆ ಭಯವಿಲ್ಲ. ಭಯ ಇರುವುದು ಬೇರೆ ಕಡೆ, ಆ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಂತ್ರ ತಪ್ಪಿದಾಗ ‘ಇದು ತಪ್ಪು’ ಎಂದು ಹೇಳಬಲ್ಲವರು ಇಪ್ಪತ್ತು ವರ್ಷಗಳ ನಂತರ ಇರುತ್ತಾರೆಯೇ?

2023ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ನಿದ್ದೆ ಕೆಡಿಸಿತು. 27 ರೇಡಿಯಾಲಜಿಸ್ಟರಿಗೆ ಮ್ಯಾಮೊಗ್ರಾಂಗಳನ್ನು ಕೊಟ್ಟು, ಪಕ್ಕದಲ್ಲಿ ಎಐ ಸಲಹೆ ಎಂದು ಹೇಳಿ ಒಂದು ಉತ್ತರ ಇಟ್ಟರು. ಕೆಲವು ಸಲಹೆಗಳನ್ನು ಬೇಕೆಂದೇ ತಪ್ಪಾಗಿ ಕೊಟ್ಟಿದ್ದರು. ಸಲಹೆ ಸರಿಯಿದ್ದಾಗ ಎಲ್ಲರೂ ಶೇ 80ರ ಆಸುಪಾಸಿನಲ್ಲಿ ಸರಿ ಹೇಳಿದರು. ಸಲಹೆ ತಪ್ಪಿದ್ದಾಗ ಹೊಸಬರು ಸರಿ ಹೇಳಿದ್ದು ಸುಮಾರು ಶೇ 20. ಬಹಳ ಅನುಭವಿಗಳೂ ಶೇ 45ರ ಹತ್ತಿರಕ್ಕೆ ಬಿದ್ದರು. ಚಿತ್ರ ಅದೇ, ಕಣ್ಣು ಅದೇ. ಪಕ್ಕದಲ್ಲಿ ಒಂದು ಉತ್ತರ ಇತ್ತು, ಅಷ್ಟೇ. 2025ರಲ್ಲಿ ಪೋಲೆಂಡ್‌ನಿಂದ ಇನ್ನೊಂದು ಅಧ್ಯಯನ ಬಂತು. ಕೊಲೊನೊಸ್ಕೋಪಿಯಲ್ಲಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕಳಿಸಿ ನೋಡುವ ಪರೀಕ್ಷೆಯಲ್ಲಿ, ಎಐ ನೆರವು ಬಳಸಲು ಆರಂಭಿಸಿದ ಆಸ್ಪತ್ರೆಗಳಲ್ಲಿ, ನೆರವಿಲ್ಲದೆ ಮಾಡಿದ ಪರೀಕ್ಷೆಗಳನ್ನು ಹಿಂದಿನವುಗಳ ಜೊತೆ ಹೋಲಿಸಿ ನೋಡಿದರು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಮೊದಲು ಶೇ 28.4 ಪರೀಕ್ಷೆಗಳಲ್ಲಿ ಸಿಗುತ್ತಿದ್ದವು, ಆಮೇಲೆ ಶೇ 22.4ರಲ್ಲಿ. ಇವರು ಕಲಿಯುವ ಹುಡುಗರಲ್ಲ, ಸಾವಿರಾರು ಪರೀಕ್ಷೆ ಮಾಡಿದ ವೈದ್ಯರು. ಒಂದೇ ಅಧ್ಯಯನದಿಂದ ತೀರ್ಮಾನಕ್ಕೆ ಬರಬಾರದು, ಒಪ್ಪುತ್ತೇನೆ. ಆದರೆ ಕೈಬಿಟ್ಟ ವಿದ್ಯೆ ಕೈಯಲ್ಲಿ ಉಳಿಯುವುದಿಲ್ಲ ಎನ್ನಲು ನನಗೆ ಇನ್ನೊಂದು ಅಧ್ಯಯನ ಬೇಕಾಗಿಲ್ಲ.

ನಾವು ಕಲಿತದ್ದು ಹೇಗೆ? ಮೂರು ವರ್ಷದ ಎಂ.ಡಿ.ಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನೂ ಇಲ್ಲದ ಎದೆಯ ಎಕ್ಸ್-ರೇಗಳನ್ನು ನೋಡಿ ನೋಡಿ. ಏನೂ ಇಲ್ಲದ್ದನ್ನು ಅಷ್ಟು ನೋಡಿದ ಮೇಲೆ, ಏನೋ ಇರುವುದು ಕಣ್ಣಿಗೆ ತಾನಾಗಿ ಚುಚ್ಚುತ್ತದೆ. ಎಲ್ಲಿ ಎಂದು ಹೇಳುವ ಮೊದಲೇ ಮನಸ್ಸು ತಡೆದು ನಿಲ್ಲುತ್ತದೆ. ಈ ನಾರ್ಮಲ್ ಚಿತ್ರಗಳೇ ಎಲ್ಲಕ್ಕಿಂತ ಮೊದಲು ಯಂತ್ರದ ಪಾಲಾಗುವುದು. ‘ಬೇಸರದ ಕೆಲಸವನ್ನು ಯಂತ್ರ ಮಾಡಲಿ, ಕಷ್ಟದ್ದನ್ನು ವೈದ್ಯರು ನೋಡಲಿ’ ಎಂದು ಮಾರಾಟಕ್ಕೆ ಬಂದವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಕಷ್ಟದ್ದನ್ನು ನೋಡುವ ಕಣ್ಣು ಆ ಬೇಸರದ ಕೆಲಸದಲ್ಲೇ ತಯಾರಾದದ್ದು ಎಂಬುದು ಅವರ ಲೆಕ್ಕದಲ್ಲಿಲ್ಲ. ಲೆಕ್ಕ ಹಾಕುವವರು ವಕೀಲರೋ ಬ್ಯಾಂಕಿನವರೋ ಪತ್ರಿಕೆಯವರೋ ಆಗಿದ್ದರೂ ಇದೇ ಮಾತು ಹೇಳುತ್ತೇನೆ: ನಿಮ್ಮ ಕಚೇರಿಯಲ್ಲಿ ಹೊಸಬರು ಮಾಡುತ್ತಿದ್ದ ಚಿಲ್ಲರೆ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟ ಮೇಲೆ, ನಿಮ್ಮ ಜಾಗಕ್ಕೆ ಬರುವವರು ಎಲ್ಲಿ ಕಲಿತು ಬರುತ್ತಾರೆ?

ನೀಟ್ ಪಿ.ಜಿ.ಯಲ್ಲಿ ಒಳ್ಳೆಯ ರ್‍ಯಾಂಕ್ ಪಡೆದ ಹುಡುಗ ಹುಡುಗಿಯರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು, ರೇಡಿಯಾಲಜಿ ತೆಗೆದುಕೊಳ್ಳಬಹುದೇ ಎಂದು ಕೇಳುತ್ತಾರೆ. ತೆಗೆದುಕೊಳ್ಳಿ. ಅಲ್ಟ್ರಾಸೌಂಡ್ ಇನ್ನೂ ಕೈಯಿಂದಲೇ ಮಾಡುವ ಪರೀಕ್ಷೆ. ಗರ್ಭಿಣಿಯ ಸ್ಕ್ಯಾನಿಂಗ್‌ಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಅರ್ಹ ವೈದ್ಯರೇ ಇರಬೇಕು, ಅವರದ್ದೇ ಸಹಿ ಬೇಕು. ವರದಿ ತಪ್ಪಿದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿ ನಿಲ್ಲುವುದೂ ಸಹಿ ಹಾಕಿದವರೇ, ತಂತ್ರಾಂಶವಲ್ಲ. ಆದರೆ ಸೇರುವ ಮೊದಲು ಕಾಲೇಜಿನವರನ್ನು ಒಂದು ವಿಷಯ ಕೇಳಿ: ವಿದ್ಯಾರ್ಥಿ ತನ್ನ ವರದಿ ಬರೆದ ಮೇಲೆ ಯಂತ್ರದ ಉತ್ತರ ತೋರಿಸುತ್ತೀರೋ, ಮೊದಲೇ ತೋರಿಸುತ್ತೀರೋ?

ನಮ್ಮಲ್ಲಿ ಸದ್ಯ ಮೊದಲೇ ಕಾಣಿಸುತ್ತದೆ. ಚಿತ್ರ ತೆರೆದ ಕೂಡಲೇ ಯಂತ್ರಕ್ಕೆ ಅನುಮಾನ ಬಂದ ಜಾಗದ ಸುತ್ತ ಬಣ್ಣದ ಚೌಕ. ಅದನ್ನು ಕಂಡ ಮೇಲೆ ಉಳಿದ ಶ್ವಾಸಕೋಶವನ್ನು ಪೂರ್ತಿ ನೋಡುವ ವಿದ್ಯಾರ್ಥಿ ಅಪರೂಪ. ವಿದ್ಯಾರ್ಥಿಗಳ ಲಾಗಿನ್‌ನಲ್ಲಿ ವರದಿ ಸೇವ್ ಆಗುವವರೆಗೂ ಚೌಕ ಕಾಣದಂತೆ ಮಾಡಿ ಎಂದು ಬರೆದು ಕೊಟ್ಟಿದ್ದೇನೆ. ವರದಿ ತಡವಾಗುತ್ತದೆ ಎಂಬುದು ಆಡಳಿತದವರ ಆಕ್ಷೇಪ. ತಡವಾಗುತ್ತದೆ, ಹೌದು. ವಿದ್ಯಾರ್ಥಿಗಳಿಗೆ ಕೊಡುವ ಚಿತ್ರಗಳಲ್ಲಿ ತುರ್ತಿನವು ಇರುವುದಿಲ್ಲ, ಅರ್ಧ ಗಂಟೆ ತಡವಾದರೆ ಯಾರ ಜೀವಕ್ಕೂ ಅಪಾಯವಿಲ್ಲ ಎಂದು ಎರಡನೆಯ ಪತ್ರದಲ್ಲಿ ವಿವರಿಸಿದ್ದೇನೆ. ಅದಕ್ಕೆ ಉತ್ತರ ಬರಬೇಕಾಗಿದೆ.