ಬಿಂಗಿ ಪದದ ಕಲಿಕೆ: ಚವತಿಯಿಂದ ದೊಡ್ಡಹಬ್ಬದವರೆಗೆ

ನನಗೆ ಹಾಡುವ ದನಿ ಇಲ್ಲ. ಸಂಗೀತ ಕಲಿತಿಲ್ಲ, ಮನೆಯಲ್ಲಿ ಕಲಿತವರೂ ಇಲ್ಲ. ಆದರೆ ನಮ್ಮ ಕಡೆ ದೊಡ್ಡಹಬ್ಬ ಅನ್ನುವ ದೀಪಾವಳಿಯಲ್ಲಿ ದೀಪ ಹಿಡಿದು ಮನೆ ಮನೆಗೆ ಬರುವ ಬಿಂಗಿ ಪದ ಎಂದರೆ ಚಿಕ್ಕಂದಿನಿಂದ ಜೀವ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಗರದ ಕಡೆ ಇಂಥದ್ದೇ ಹಾಡಿಕೆಗೆ ಅಂಟಿಗೆ ಪಂಟಿಗೆ ಅನ್ನುತ್ತಾರೆ. ಈ ವರ್ಷ ಅಂಗಳದಲ್ಲಿ ನಿಂತು ಕೇಳಿದ್ದು ಸಾಕು, ತಂಡದ ಜೊತೆ ಹೋಗಿ ಹಾಡಬೇಕು ಅಂತ ತೀರ್ಮಾನ ಮಾಡಿದೆ. ಅದರ ಟಿಪ್ಪಣಿ ಇದು, 2025ರದ್ದು.

ಆಗಸ್ಟ್ ಕೊನೆ, ಚವತಿ ಕಳೆದ ಮೇಲೆ

ನಮ್ಮೂರ ತಂಡದ ಮುಂದಾಳು ಹಿರಿಯರು, ಅಡಿಕೆ ತೋಟದವರು. ಅವರ ಮನೆಗೆ ಹೋಗಿ ಕೇಳಿದೆ. ನನ್ನ ದನಿ ಚೆನ್ನಾಗಿಲ್ಲ ಎಂಬುದನ್ನೂ ಮೊದಲೇ ಹೇಳಿದೆ. ಅವರು ಒಂದು ಸಾಲು ಹಾಡಿ ತೋರಿಸು ಅಂತಲೂ ಕೇಳಲಿಲ್ಲ. ಕೇಳಿದ್ದು ಬೇರೆ: "ಬೆಳಗಾಗೋವರೆಗೂ ನಡೀಬೇಕು ತಮ್ಮಾ, ಆಗ್ತದಾ?" ಆಗ್ತದೆ ಅಂದೆ.

ಆಮೇಲೆ ಪದ ಸಾಗುವ ಬಗೆ ಹೇಳಿಕೊಟ್ಟರು. ತಂಡ ಎರಡು ಪಾಲು. ಮುಂದಿನವರು ಒಂದು ಸಾಲು ಎತ್ತುತ್ತಾರೆ, ಹಿಂದಿನವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಹಿಂದಿನವರು ಹೇಳುತ್ತಿರುವಾಗಲೇ ಮುಂದಿನವರು ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾರೆ. ನಡುವೆ ಬಿಡುವು ಬಿದ್ದರೆ ಪದ ಕುಸಿಯುತ್ತದೆ. "ನಿನ್ನ ದನಿ ಹೆಂಗಾದ್ರೂ ಇರ್ಲಿ, ಸಾಲು ತುಂಡಾಗ್ಬಾರ್ದು" ಅಂದರು.

ಇದನ್ನು ಬಹಳ ಹೊತ್ತು ಯೋಚಿಸಿದೆ. ಕಛೇರಿಯಲ್ಲಿ ಹಾಡುವವರು ವೇದಿಕೆ ಮೇಲೆ, ನನ್ನಂಥವರು ಕುರ್ಚಿಯಲ್ಲಿ. ಇಲ್ಲಿ ಹಾಗಲ್ಲ. ರಾತ್ರಿಯಿಡೀ ಹಾಡಬೇಕಾದ ಪದ ಒಳ್ಳೆಯ ಗಂಟಲಿನವರೊಬ್ಬರಿಂದ ಆಗುವುದಿಲ್ಲ. ತಿರುಗಿ ಹೇಳುವವರು ಬೇಕೇ ಬೇಕು. ಹಾಡು ಬಾರದವನಿಗೆ ದಯೆಯಿಂದ ಕೊಟ್ಟ ಮೂಲೆ ಅಲ್ಲ ಅದು, ಪದದ ಕಟ್ಟಿನೊಳಗೇ ಇರುವ ಜಾಗ.

ಸೆಪ್ಟೆಂಬರ್

ಮಳೆ ಬಿಡದ ತಿಂಗಳು. ಸಂಜೆ ಮನೆಯಲ್ಲೇ ಅಭ್ಯಾಸ. ಪಕ್ಕದ ಮನೆಯವರು ಭಜನೆಗೆ ಬಳಸುವ ಹಾರ್ಮೋನಿಯಂ ಕೊಟ್ಟಿದ್ದಾರೆ.

ಮೊದಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಕೇಳಿದ ದನಿ ನನ್ನದೇ ಅಂತ ನಂಬುವುದು ಕಷ್ಟ. ಇದು ಎಲ್ಲರಿಗೂ ಹಾಗೇ. ನಾವು ಹಾಡುವಾಗ ನಮ್ಮ ದನಿ ಗಾಳಿಯಿಂದ ಮಾತ್ರ ಕಿವಿಗೆ ಬರುವುದಿಲ್ಲ, ತಲೆಯ ಮೂಳೆಗಳ ಮೂಲಕವೂ ಬರುತ್ತದೆ. ಮೂಳೆ ತಗ್ಗಿನ ಸ್ವರಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ದನಿ ನಮಗೆ ದಪ್ಪವಾಗಿ ಕೇಳುತ್ತದೆ. ರೆಕಾರ್ಡಿನಲ್ಲಿ ಆ ಪಾಲು ಇರುವುದಿಲ್ಲ. ಸುಮ್ನೆ ಅದನ್ನು ಕೇಳಿ ಹಾಡುವುದನ್ನೇ ಬಿಟ್ಟವರು ಎಷ್ಟು ಜನರೋ!

ಇನ್ನೊಂದು ಮಾತು. ಸ್ವರಗಳ ಏರಿಳಿತವೇ ಗೊತ್ತಾಗದ ಒಂದು ಸ್ಥಿತಿ ಇದೆ, ಅದಕ್ಕೆ ಅಮ್ಯೂಸಿಯಾ ಅನ್ನುತ್ತಾರೆ. ಅದು ಇರುವವರು ತೀರಾ ಕಡಿಮೆ. ಪರಿಚಿತ ಹಾಡನ್ನು ಬೇರೆಯವರು ಶ್ರುತಿ ತಪ್ಪಿ ಹಾಡಿದಾಗ ನಿಮಗೆ ತಿಳಿಯುತ್ತದೆ ಎಂದಾದರೆ ಕಿವಿ ಸರಿಯಾಗಿದೆ ಎಂದರ್ಥ. ನನಗೆ ತಿಳಿಯುತ್ತದೆ. ಅಂದಮೇಲೆ ಕೆಲಸ ಇರುವುದು ಗಂಟಲಿನ ಸ್ನಾಯುಗಳಿಗೆ. ಅವುಗಳನ್ನು ಅಭ್ಯಾಸದಿಂದ ಪಳಗಿಸಬಹುದು.

ನಾನು ಮಾಡುತ್ತಿರುವುದು ಇಷ್ಟು. ಹಾರ್ಮೋನಿಯಂನ ಒಂದೇ ಮನೆ (ಕೀ) ಒತ್ತಿ ಹಿಡಿದು ಬಾಯಿ ಮುಚ್ಚಿ ಗುನುಗುತ್ತೇನೆ. ಎರಡೂ ಸ್ವರ ಹತ್ತಿರ ಇದ್ದು ಒಂದಾಗದೇ ಇದ್ದಾಗ ನಡುವೆ ಒಂದು ನಡುಕ ಕೇಳಿಸುತ್ತದೆ. ಸರಿಯಾಗಿ ಕೂಡಿತು ಎಂದರೆ ನಡುಕ ನಿಲ್ಲುತ್ತದೆ. ಆ ನಿಲ್ಲುವ ಗಳಿಗೆಗಾಗಿ ಕಾಯುವುದೇ ಒಂದು ಖುಷಿ. ಮೊದಮೊದಲು ಹುಡುಕಿ ಹುಡುಕಿ ಸಿಗುತ್ತಿತ್ತು, ತಿಂಗಳ ಕೊನೆಗೆ ಬೇಗ ಸಿಗತೊಡಗಿತು.

ಮುಂದಾಳಿನ ದನಿ ಬಿಳಿ ಐದರ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ, ಹತ್ತಿರ. ಅವರು ಮೇಲಕ್ಕೆ ಹೋದರೆ ನನ್ನ ಗಂಟಲು ಕಟ್ಟುತ್ತದೆ. ಕಿರುಚುವುದು ಬೇಡ ಅಂತ ಅಲ್ಲಿ ಒಂದು ಸ್ಥಾಯಿ ಕೆಳಗೆ ಅದೇ ಸ್ವರ ಹಿಡಿಯುತ್ತೇನೆ. ಭಜನೆಯಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಹಾಡುವಾಗಲೂ ನಡೆಯುವುದು ಇದೇ ಅಲ್ವಾ? ಕೆಳಗಿನ ಸ್ವರದ ಕಂಪನ ಮೇಲಿನದರ ಸರಿಯಾಗಿ ಅರ್ಧ. ಅದಕ್ಕೇ ಕಿವಿಗೆ ಒಂದೇ ಸ್ವರದಂತೆ ಕೇಳುತ್ತದೆ. ನಮ್ಮ ತಂಡದ ಧಾಟಿಗಳು ಹೆಚ್ಚಾಗಿ ನಾಲ್ಕೈದು ಸ್ವರಗಳ ಒಳಗೇ ಸುತ್ತುತ್ತವೆ. ಹಾಗಾಗಿ ಇಷ್ಟು ಕಲಿತರೆ ಬಹಳಷ್ಟು ಪದಗಳಿಗೆ ಆಗುತ್ತದೆ.

ನವರಾತ್ರಿ

ದನಿಗಿಂತ ಕಷ್ಟ ನೆನಪಿನದ್ದು. ಕತ್ತಲೆಯಲ್ಲಿ ನಡೆಯುತ್ತಾ ಪುಸ್ತಕ ನೋಡಿ ಹಾಡಲಾಗುವುದಿಲ್ಲ. ಬಲೀಂದ್ರನ ಕತೆಯ ಪದ ಉದ್ದ. ವಾಮನ ಮೂರು ಹೆಜ್ಜೆ ಕೇಳುವ ಭಾಗದಲ್ಲಿ ಸಾಲುಗಳು ಒಂದರಂತೆ ಇನ್ನೊಂದು. ಶಿರಸಿಗೆ ಆಫೀಸಿಗೆ ಹೋಗುವ ಸ್ಕೂಟರ್ ದಾರಿಯಲ್ಲಿ ಹೇಳಿಕೊಳ್ಳುತ್ತಾ ಹೋಗುತ್ತೇನೆ. ಹೆಲ್ಮೆಟ್ ಒಳಗೆ ದನಿ ಚೆನ್ನಾಗಿ ತುಂಬುತ್ತದೆ.

ಈ ದಿನಗಳಲ್ಲಿ ಅಂಕೋಲೆಯ ಸುಕ್ರಿ ಬೊಮ್ಮಗೌಡರ ನೆನಪು ಜಾಸ್ತಿ ಬರುತ್ತಿದೆ. ಇದೇ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಬಂದ, ಹಾಲಕ್ಕಿ ಸಮುದಾಯದ ಈ ಜನಪದ ಹಾಡುಗಾರ್ತಿ ಅಜ್ಜಿ ಅಷ್ಟೊಂದು ಹಾಡುಗಳನ್ನು ಬರೀ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕುಮಟೆಯ ಡಾ. ಎಲ್. ಆರ್. ಹೆಗಡೆಯವರು ಜಿಲ್ಲೆಯ ಜನಪದ ಹಾಡುಗಳನ್ನು ಸಂಗ್ರಹಿಸಿದ್ದೂ ಇಂಥ ನೆನಪುಗಳಿಂದಲೇ. ನಾನು ಕಲಿಯುತ್ತಿರುವುದು ಅದರಲ್ಲಿ ಒಂದು ಚೂರು. ಆದರೂ ಆ ಚೂರು ನನ್ನ ಬಾಯಲ್ಲಿ ಇದೆ ಎಂಬುದು ದೊಡ್ಡ ಸಮಾಧಾನ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಒಂದು ಪದದ ಕೊನೆಯ ಭಾಗ ಗೊತ್ತಿತ್ತು! ತಂಡದವರಿಗೂ ಬಾರದ ಸಾಲುಗಳು ಅವು. ಬರೆದುಕೊಂಡೆ.

ಅಕ್ಟೋಬರ್ 22, ಬಲಿಪಾಡ್ಯ

ಬೆಳಿಗ್ಗೆ ಗೋಪೂಜೆ. ದನಗಳಿಗೆ ಚೆಂಡುಹೂವಿನ ಮಾಲೆ, ಅಡಿಕೆ, ಸಿಂಗಾರ. ಮಧ್ಯಾಹ್ನ ಹೋಳಿಗೆ ಊಟ ಮಿತವಾಗಿ ಮಾಡಿದೆ, ಹೊಟ್ಟೆ ಭಾರವಾದರೆ ಉಸಿರು ಎಳೆಯಲಾಗುವುದಿಲ್ಲ.

ಕತ್ತಲಾದ ಮೇಲೆ ದೇವಸ್ಥಾನದಲ್ಲಿ ದೀಪ ಹೊತ್ತಿಸಿಕೊಂಡು ಹೊರಟೆವು. ಊರು ಮುಗಿಯುವವರೆಗೆ ಆ ದೀಪ ಆರಬಾರದು. ಹಾಗಾಗಿ ಪ್ರತಿ ಮನೆಯಲ್ಲೂ ಅದಕ್ಕೆ ಎಣ್ಣೆ ಹಾಕುತ್ತಾರೆ. ಜೊತೆಗೆ ಅಕ್ಕಿ, ಕಾಯಿ, ದುಡ್ಡು, ಎಲೆ ಅಡಿಕೆ ಕೊಡುತ್ತಾರೆ. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಗದ್ದೆ, ಬೆಟ್ಟ. ಹಾಡಿದ್ದಕ್ಕಿಂತ ನಡೆದದ್ದೇ ಹೆಚ್ಚು.

ಮೊದಲ ಮನೆಯಲ್ಲಿ ನನ್ನ ದನಿ ನನಗೇ ಬೇರೆಯಾಗಿ ಕೇಳುತ್ತಿತ್ತು. ಮುಂದೆ ಹೋದ ಹಾಗೆ ಅದು ಎಲ್ಲರ ದನಿಯೊಳಗೆ ಸೇರಿಹೋಯಿತು. ಪಕ್ಕದವರು ಹಾಡುವುದು ಹೆಗಲಿಗೆ ತಾಗುತ್ತದೆ, ನಾನು ಹಾಡುವುದು ಅವರಿಗೆ ತಾಗುತ್ತದೆ. ಮನೆಯಲ್ಲಿ ಒಬ್ಬನೇ ಹಾಡುವಾಗ ಸಿಗದ ಸ್ವರಗಳು ಇಲ್ಲಿ ತಾವಾಗಿಯೇ ಬಂದವು. ನಾನು ಕಂಡುಕೊಂಡ ಸಂಗತಿಗಳಲ್ಲಿ ಇದೇ ದೊಡ್ಡದು. ಗುಂಪಿನಲ್ಲಿ ನಿಂತರೆ ಗಂಟಲು ಹುಡುಕಬೇಕಾಗಿಲ್ಲ, ಕಿವಿ ಕೊಟ್ಟರೆ ಸಾಕು. ಹಾಡಲು ಬರುವುದಿಲ್ಲ ಎಂದು ಸುಮ್ಮನಿರುವವರಿಗೆ ಹೇಳುವುದಿದ್ದರೆ ನಾನು ಹೇಳುವುದು ಇಷ್ಟೇ: ಒಬ್ಬರೇ ಹಾಡಿ ನೋಡಿ ತೀರ್ಮಾನ ಮಾಡಬೇಡಿ.

ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಒಳಗಿನಿಂದಲೇ ನಮ್ಮ ಜೊತೆ ಸಾಲು ತಿರುಗಿ ಹೇಳಿದರು. ಮುಂದಾಳು ಅವರಿಗಾಗಿ ವೇಗ ತಗ್ಗಿಸಿದರು. ಪದ ಮುಗಿದಾಗ ಒಳಗಿನಿಂದ, "ಇನ್ನೊಂದು ಹೇಳ್ರೋ ಮಕ್ಳಾ" ಅಂತ ಬಂತು. ಹೇಳಿದೆವು. ಆಯಿ ಕೊಟ್ಟ ಸಾಲುಗಳು ಇರುವ ಪದವನ್ನೇ ಎತ್ತಿದರು. ಕೊನೆಯ ಭಾಗ ಬೇರೆಯವರಿಗೆ ಬಾರದ್ದರಿಂದ ಅದನ್ನು ನಾನೇ ಎತ್ತಬೇಕಾಯಿತು. ಎತ್ತಿದೆ. ಉಳಿದವರು ತಿರುಗಿ ಹೇಳಿದರು. ಮೈಯೆಲ್ಲ ಬಿಸಿಯಾಗಿತ್ತು. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಯಾವುದರಲ್ಲೂ ಆಗಿರಲಿಲ್ಲ.

ಹಬ್ಬದ ನಂತರ

ಗಂಟಲು ಕಟ್ಟಿದೆ. ಬಿಸಿನೀರು, ಮಾತು ಕಡಿಮೆ. ಬಲೀಂದ್ರನ ಪದ ಪೂರ್ತಿ ಬರುತ್ತದೆ. ದನಗಳ ಪದ ಅರ್ಧ. ಮನೆಯವರನ್ನು ಹರಸುವ ಪದದಲ್ಲಿ ಮನೆಗೆ ತಕ್ಕಂತೆ ಸಾಲು ಬದಲಾಯಿಸುವುದು ಇನ್ನೂ ಬಂದಿಲ್ಲ. ಅದು ಮುಂದಾಳಿನ ಜೊತೆ ತಿರುಗಿಯೇ ಕಲಿಯಬೇಕಾದದ್ದು. ಆಯಿಯ ಸಾಲುಗಳನ್ನು ತಂಡದವರೆಲ್ಲ ಕೇಳಿದ್ದಾರೆ, ತುಳಸಿ ಹಬ್ಬದೊಳಗೆ ಬರೆದು ಕೊಡಬೇಕು.

ಡಿಸೆಂಬರಿನಲ್ಲಿ ಕಾರವಾರಕ್ಕೆ ಹೋಗುವುದಿದೆ. ತಂಗಿಯ ಮನೆ ಅಲ್ಲಿ. ಅವಳ ಓಣಿಯ ಕ್ರೈಸ್ತರು ಕ್ರಿಸ್‌ಮಸ್‌ಗೆ ಮೊದಲು ಮನೆ ಮನೆಗೆ ಹೋಗಿ ಕೊಂಕಣಿಯಲ್ಲಿ ಕ್ಯಾರಲ್ ಹಾಡುತ್ತಾರೆ. ಅಲ್ಲಿಯೂ ನಡುನಡುವೆ ಎಲ್ಲರೂ ಸೇರಿ ಹೇಳುವ ಪಲ್ಲವಿ ಇದೆ. ನಾನೂ ಬರಬಹುದಾ ಅಂತ ತಂಗಿಯಿಂದ ಕೇಳಿಸಿದೆ. ಬನ್ನಿ ಅಂದಿದ್ದಾರೆ, ಪಲ್ಲವಿಗಳನ್ನು ಕನ್ನಡ ಅಕ್ಷರದಲ್ಲಿ ಬರೆದೂ ಕಳಿಸಿದ್ದಾರೆ. ಹಾರ್ಮೋನಿಯಂ ಇನ್ನೂ ವಾಪಸ್ ಕೊಟ್ಟಿಲ್ಲ, ಜನವರಿಯವರೆಗೆ ಇಟ್ಟುಕೊಳ್ಳುತ್ತೇನೆ ಅಂತ ಪಕ್ಕದ ಮನೆಯವರಿಗೆ ಹೇಳಿ ಬಂದೆ.