"ಸಾರ್, ಈ ಹಳೆ ನೋಟಿಗೆ ಎಷ್ಟು ಬರತ್ತೆ?"

ವಾರಕ್ಕೆ ಎರಡು ಮೂರಾದರೂ ಇಂಥ ಫೋಟೊ ನನ್ನ ಫೋನಿಗೆ ಬರುತ್ತವೆ. ಮಂಚದ ಮೇಲೆ ಹರವಿಟ್ಟ, ಟ್ರಾಕ್ಟರ್ ಚಿತ್ರ ಇರುವ ಐದು ರೂಪಾಯಿ ನೋಟು, ಕೆಳಗೆ ಒಂದೇ ಸಾಲು: "ಸಾರ್, ಇದಕ್ಕೆ ಎಷ್ಟು ಬರತ್ತೆ?" ಮೊನ್ನೆ ಮದ್ದೂರಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದವರು ಎಲೆಗೆ ನೀರು ಚಿಮುಕಿಸುತ್ತಾ ಕೇಳಿದ್ದೂ ಅದನ್ನೇ. "ಲಕ್ಷ ಕೊಡ್ತರಂತಲ್ಲ, ನಿಜ್ವಾ?"

ನಾನು ಮೈಸೂರಿನಲ್ಲಿದ್ದೇನೆ. ಹಳೆ ನೋಟು ಕೂಡಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಉತ್ತರವನ್ನು ಇಲ್ಲೇ ಬರೆದಿಡುತ್ತೇನೆ.

ಟ್ರಾಕ್ಟರ್ ನೋಟಿಗೆ ಲಕ್ಷ ಬರುವುದಿಲ್ಲ. ಕೈಯಿಂದ ಕೈಗೆ ಓಡಾಡಿ ಮಾಸಿದ ನೋಟಾದರೆ ಐದು ರೂಪಾಯಿಗಿಂತ ಜಾಸ್ತಿ ಸಿಗುವುದೇ ಕಷ್ಟ. ಅದು ವರ್ಷಗಟ್ಟಲೆ ಅಚ್ಚಾದ ನೋಟು. ಊರೂರಲ್ಲೂ ಇದೆ, ಮನೆ ಮನೆಯಲ್ಲೂ ಇದೆ. ಒಂದು, ಎರಡು, ಐದು ರೂಪಾಯಿ ನೋಟುಗಳು ಕಣ್ಣಿಗೆ ಬೀಳದಿದ್ದರೂ ರದ್ದಾಗಿಲ್ಲ, ಇವತ್ತಿಗೂ ಚಲಾವಣೆಯ ದುಡ್ಡೇ.

ನೋಟು ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಅನ್ನುವುದರ ಮೇಲೆ ಬರುತ್ತದೆ. ಎರಡೂವರೆ ರೂಪಾಯಿ ನೋಟು ಇತ್ತು ಅಂದರೆ ಎಷ್ಟೋ ಜನ ನಂಬುವುದಿಲ್ಲ. ಎರಡು ರೂಪಾಯಿ ಎಂಟಾಣೆಯ ಆ ನೋಟು ಬಂದಿದ್ದು 1918ರಲ್ಲಿ. ಮೊದಲ ಮಹಾಯುದ್ಧದ ಕಾಲ, ರೂಪಾಯಿ ಹೊಡೆಯಲು ಬೆಳ್ಳಿ ಸಾಲುತ್ತಿರಲಿಲ್ಲ. ಅದಕ್ಕೇ 1917ರ ನವೆಂಬರಿನಲ್ಲಿ ಮೊದಲ ಸಲ ಒಂದು ರೂಪಾಯಿಗೆ ಕಾಗದದ ನೋಟು ತಂದರು, ಅದರ ಹಿಂದೆಯೇ ಇದನ್ನು. 1926ಕ್ಕೆ ಎರಡನ್ನೂ ನಿಲ್ಲಿಸಿದರು. ಇಂಥದ್ದಕ್ಕೆ ನಿಜವಾಗಿ ಬೆಲೆ ಇದೆ. 1938ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ಮೊದಲ ನೋಟುಗಳನ್ನು ತಂದಾಗ ಹತ್ತು ಸಾವಿರದ್ದೂ ಇತ್ತು. 1946ರಲ್ಲಿ ಅದನ್ನು ರದ್ದು ಮಾಡಿದರು, 1954ರಲ್ಲಿ ಮತ್ತೆ ತಂದರು, 1978ರಲ್ಲಿ ಮತ್ತೆ ರದ್ದು. ಅದಕ್ಕೂ ಬೆಲೆ ಇದೆ. ಆದರೆ ನಮ್ಮ ಮಂಡ್ಯದ ಕಡೆ ಆ ಕಾಲದಲ್ಲಿ ಹತ್ತು ಸಾವಿರದ ನೋಟನ್ನು ಕಣ್ಣಲ್ಲಿ ಕಂಡವರು ಎಷ್ಟು ಜನ? ಅಟ್ಟದ ಪೆಟ್ಟಿಗೆಯಲ್ಲಿ ಅದು ಸಿಗುವುದಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. "ನಿಮ್ಮ ನೋಟನ್ನು ಏಳು ಲಕ್ಷಕ್ಕೆ ತಗೊಳ್ತೀವಿ, ಮೊದಲು ಸ್ವಲ್ಪ ಫೀಸು ಕಟ್ಟಿ" ಅಂತ ಫೋನು ಬಂದರೆ ಇಟ್ಟುಬಿಡಿ. ನಮ್ಮ ಬೀದಿಯ ಒಬ್ಬ ತಾಯಿ ಹೀಗೆ ಮೂರು ಕಂತಿನಲ್ಲಿ ಹಣ ಕಳಿಸಿ ಕಳೆದುಕೊಂಡರು. ಮಗನಿಗೂ ಹೇಳಿರಲಿಲ್ಲ. ನನ್ನ ಹತ್ತಿರ ಹೇಳುವಾಗ ಅವರ ದನಿ ನಡುಗುತ್ತಿತ್ತು. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ: ಹಳೆ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನ್ನದಲ್ಲ, ಅದಕ್ಕೆ ತಾನು ಕಮಿಷನ್ ಕೇಳುವುದೂ ಇಲ್ಲ ಅಂತ. ಕೊಳ್ಳುವವನು ದುಡ್ಡು ಕೊಡಬೇಕು, ಅಲ್ವಾ? ಮಾರುವವನ ಹತ್ತಿರ ಯಾಕೆ ಕೇಳುತ್ತಾನೆ?

2016ರಲ್ಲಿ ರದ್ದಾದ ಐನೂರು, ಸಾವಿರದ ನೋಟಿನ ಬಗ್ಗೆಯೂ ಕೇಳುತ್ತಾರೆ. ನೆನಪಿಗೆ ನಾಲ್ಕಾರು ಇಟ್ಟುಕೊಂಡರೆ ತಪ್ಪಿಲ್ಲ. 2017ರ ಕಾಯ್ದೆ ಪ್ರಕಾರ ಯಾರೇ ಆದರೂ ಎರಡೂ ಸೇರಿ ಹತ್ತು ನೋಟಿನ ತನಕ ಇಟ್ಟುಕೊಳ್ಳಬಹುದು. ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂದರೆ ಇಪ್ಪತ್ತೈದು. ಅದಕ್ಕಿಂತ ಜಾಸ್ತಿ ಇದ್ದರೆ ದಂಡ.

ಇನ್ನು ಸ್ಥಿತಿಯ ವಿಷಯ. ದಯವಿಟ್ಟು ನೋಟನ್ನು ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಹರಿದಲ್ಲಿ ಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಾನೂ ಶುರುವಿನಲ್ಲಿ ತಪ್ಪು ಮಾಡಿದ್ದೇನೆ. ಅಗ್ಗಕ್ಕೆ ಸಿಕ್ಕಿತು ಅಂತ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ತಂದು, ನೋಟೆಲ್ಲ ಅದರಲ್ಲಿ ಹಾಕಿ ಬೀರುವಿನಲ್ಲಿಟ್ಟೆ. ಎರಡು ಬೇಸಿಗೆ ಕಳೆದು ತೆಗೆದರೆ ಹಾಳೆ ಅಂಟಂಟು. ನವಿಲಿನ ಹತ್ತು ರೂಪಾಯಿ ನೋಟು ಬಿಡಿಸುವಾಗ ಬಣ್ಣ ಹಾಳೆಗೆ ಹತ್ತಿಕೊಂಡು ಬಂತು. ಆ ದಿನ ಊಟ ಸೇರಲಿಲ್ಲ. ಈಗ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಕವರ್ ಬಳಸುತ್ತೇನೆ. ಬಿಸಿಲು ಬೀಳದ, ತೇವ ಇಲ್ಲದ ಜಾಗದಲ್ಲಿ ಇಡುತ್ತೇನೆ.

"ಬೆಲೆ ಬರದಿದ್ದ ಮೇಲೆ ಸುಮ್ನೆ ಯಾಕೆ ಕೂಡಿಡ್ತೀರಿ?" ಅನ್ನುವುದು ಎರಡನೇ ಪ್ರಶ್ನೆ. ಅದಕ್ಕೆ ನಾನು ನಮ್ಮಜ್ಜಿಯ ನೋಟು ತೋರಿಸುತ್ತೇನೆ.

1940ರ ಒಂದು ರೂಪಾಯಿ. ಬ್ರಿಟಿಷ್ ದೊರೆ ಆರನೇ ಜಾರ್ಜ್ ಚಿತ್ರ, ಕೆಳಗೆ ಸಿ. ಇ. ಜೋನ್ಸ್ ಅವರ ಸಹಿ. ಒಂದು ರೂಪಾಯಿ ನೋಟು ರಿಸರ್ವ್ ಬ್ಯಾಂಕಿನದಲ್ಲ, ಸರ್ಕಾರದ್ದು. ಹಣಕಾಸು ಇಲಾಖೆಯ ಕಾರ್ಯದರ್ಶಿ ಸಹಿ ಹಾಕುತ್ತಾರೆ. ಕಾನೂನಿನ ಕಣ್ಣಲ್ಲಿ ಅದು ನಾಣ್ಯಕ್ಕೆ ಸಮ. ಹಾಗಾಗಿ ಬೇರೆ ನೋಟುಗಳಲ್ಲಿ ಇರುವ "ಕೊಡುತ್ತೇನೆಂದು ವಚನ" ಅದರಲ್ಲಿ ಇರುವುದಿಲ್ಲ. ಅಜ್ಜಿಯ ನೋಟು ನಾಲ್ಕು ಮಡಿಕೆಯಾಗಿ ಎಲೆ ಅಡಿಕೆ ಚೀಲದಲ್ಲಿತ್ತು. ಬಿಡಿಸಿದರೆ ನಡುವೆ ಮಡಿಕೆಯ ಗೆರೆ. ಎಡಗಡೆ ಎರಡು ಪಿನ್ ತೂತು. ಬಲ ಮೂಲೆಯಲ್ಲಿ ಹೆಬ್ಬೆಟ್ಟಿನಗಲದ ಅರಿಸಿನದ ಕಲೆ. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಳಶದ ಮುಂದೆ ಪ್ರತಿ ವರ್ಷ ಇದೇ ನೋಟು ಇಡುತ್ತಿದ್ದರಂತೆ. ಒಬ್ಬ ವ್ಯಾಪಾರಿ ನೋಡಿ, "ಕಲೆ ತೆಗೆಸಿ, ಬೆಲೆ ಏರತ್ತೆ" ಅಂದ. ಆಗಲ್ಲ ಅಂದೆ. ಆ ಬೆರಳಿನ ಗುರುತು ಬೇರೆ ಯಾವ ನೋಟಿನಲ್ಲಿ ಸಿಗುತ್ತದೆ?

ಮೈಸೂರಿನಲ್ಲೇ ಇವತ್ತು ನೋಟು ಅಚ್ಚಾಗುತ್ತದೆ, ನೋಟಿನ ಕಾಗದವೂ ಇಲ್ಲೇ ತಯಾರಾಗುತ್ತದೆ. ಆದರೂ ನಮ್ಮ ಹಿರಿಯರ ಕೈ ದಾಟಿ ಬಂದ ನೋಟುಗಳನ್ನು ಜೋಪಾನ ಮಾಡಿದ ಮನೆಗಳು ಕಡಿಮೆ. ಇದು ನನ್ನನ್ನು ಕಾಡುತ್ತದೆ.

ಕಳೆದ ತಿಂಗಳು ಪಾಂಡವಪುರದಿಂದ ಒಬ್ಬ ಹಿರಿಯರು ಒಂದು ನೋಟು ಹಿಡಿದು ಬಂದಿದ್ದರು. 1969ರಲ್ಲಿ ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ ತಂದ ಹತ್ತು ರೂಪಾಯಿ ನೋಟು, ಸೇವಾಗ್ರಾಮ ಆಶ್ರಮದ ಮುಂದೆ ಗಾಂಧೀಜಿ ಕೂತಿರುವ ಚಿತ್ರದ್ದು. ಮಾಸಿತ್ತು, ಅಂಚು ಸವೆದಿತ್ತು. ದೊಡ್ಡ ಬೆಲೆ ಏನೂ ಬರಲ್ಲ ಯಜಮಾನ್ರೇ ಅಂದೆ. ಅವರು ನಿರಾಸೆಯಾದ ಹಾಗೆ ಕಾಣಲಿಲ್ಲ. "ನಮ್ಮಪ್ಪಯ್ಯ ಮೊದಲ್ನೇ ಸಲ ನನ್ ಕೈಗೆ ಕೊಟ್ಟ ಕಬ್ಬಿನ ದುಡ್ಡು ಕಣಪ್ಪ. ಅದ್ಕೇ ಖರ್ಚು ಮಾಡ್ನಿಲ್ಲ" ಅಂದರು. ಒಂದು ಪಾಲಿಯೆಸ್ಟರ್ ಕವರ್ ತೆಗೆದು ನೋಟು ಹಾಕಿಕೊಟ್ಟೆ. ಬೇರೆ ಚೀಟಿಯಲ್ಲಿ ಅವರ ಅಪ್ಪನ ಹೆಸರು, ಊರು, ಕಬ್ಬಿನ ದುಡ್ಡು ಅಂತ ಪೆನ್ಸಿಲಿನಲ್ಲಿ ಬರೆದು ಜೊತೆಗಿಟ್ಟೆ. ಅವರು ಅದನ್ನು ಎರಡು ಸಲ ಓದಿಸಿ, ಒಳಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು.